ಕಂಬದ ಪಕ್ಕ ನಿಂತವರು

ಬಳ್ಳಾರಿಯಲ್ಲಿ ನೆಲ ಅಗೆದವರೆಲ್ಲ ಬಂಗಲೆ ಕಟ್ಟಿದ ಕಾಲದಲ್ಲಿ, ಕಂಪ್ಯೂಟರು ಅಗೆದು ಕಣ್ಣು ಕೆಡಿಸಿಕೊಂಡ ಏಕೈಕ ಮಹಾನುಭಾವ ನಮ್ಮ ಸೋದರಮಾವ. ಇಂಥವರು ಮನೆಗೊಬ್ಬರಿದ್ದರೆ ಸಾಕು, ಬೇರೆ ಶತ್ರುಗಳು ಬೇಕಾಗಿಲ್ಲ!

ಗುಮಾಸ್ತಿಕೆಯಿಂದ ನಿವೃತ್ತನಾದ ಮರುದಿನವೇ ಮಾಮ, ಬಾಷಾನ ಇಂಟರ್‌ನೆಟ್ ಅಂಗಡಿಯಲ್ಲಿ ಮೂಲೆಯ ಕುರ್ಚಿ ಹಿಡಿದ. ಯಾವುದೋ ದೇಶದ ಲೈಬ್ರರಿಯವರು ನಮ್ಮ ಕಡೆಯ ಗುಡಿ, ಕೋಟೆಗಳ ಹಳೆಯ ಫೋಟೋಗಳನ್ನು ಇಂಟರ್‌ನೆಟ್ಟಿಗೆ ಏರಿಸಿದ್ದರಂತೆ. ಅವನ್ನು ಹುಡುಕಿ, ಇಳಿಸಿ, ಹೊಂದಿಸಿಡುವುದೇ ಇವನ ಉದ್ಯೋಗ. ಹೇಳಿದವರಾರು? ಯಾರೂ ಇಲ್ಲ. ಒಂದು ಫೋಟೋ ಇಳಿಯುವಷ್ಟರಲ್ಲಿ ಹೊರಗೆ ಹತ್ತು ಅದಿರು ಲಾರಿ ಹಾದುಹೋಗಿ, ಮಾಮನ ಬಿಳಿ ಅಂಗಿ ಕೆಂಪಾಗಿರುತ್ತಿತ್ತು.

"ಇವ್ರು ಬಂದು ಕುಂತ್ರಂದ್ರ ನನ್ನ ಕಂಪ್ಯೂಟರಿಗೆ ಮುಪ್ಪು ಬರ್ತೈತ್ರಿ" ಎಂದು ಬಾಷಾ ನನ್ನ ಹತ್ತಿರ ಗೋಳಾಡುತ್ತಿದ್ದ.

ಹೊಂದಿಸುವ ರೀತಿಯಾದರೂ ನೆಟ್ಟಗಿತ್ತೇ? ಲೋಕದವರೆಲ್ಲ ಊರಿನ ಪ್ರಕಾರವೋ ಕಾಲದ ಪ್ರಕಾರವೋ ಜೋಡಿಸುತ್ತಾರೆ. ಆ ಫೋಟೋಗಳಲ್ಲಿ ಕಂಬದ ಪಕ್ಕ ಯಾರೋ ದಾರಿಹೋಕನನ್ನು ನಿಲ್ಲಿಸಿರುತ್ತಾರೆ. ಕೆಳಗೆ ಲೈಬ್ರರಿಯವರ ಒಕ್ಕಣೆ: 'ಕಂಬ. ಎತ್ತರ ತಿಳಿಯಲೆಂದು ಪಕ್ಕದಲ್ಲಿ ಒಬ್ಬ ಮನುಷ್ಯ.' ಮಾಮ ಜೋಡಿಸಿದ್ದು ಆ ದಾರಿಹೋಕರ ಪ್ರಕಾರ! 'ರುಮಾಲಿನವರು', 'ಕೋಲು ಹಿಡಿದವರು', 'ಬೆನ್ನು ತಿರುಗಿಸಿದವರು' ಎಂದು ಫೋಲ್ಡರುಗಳು. ಕುರುಗೋಡಿನ ಗುಡಿ ಬೇಕೆಂದರೆ ಮೊದಲು ಅದರ ಮುಂದೆ ನಿಂತವನ ಮೀಸೆ ನೆನಪಿರಬೇಕು.

"ಮಾಮ, ಗುಡಿ ಬಿಟ್ಟು ಮಂದಿ ಎಣಿಸಾಕ ಹತ್ತೀಯಲ್ಲ, ನಿನಗೇನಾಗೈತಿ?" ಎಂದು ಕೇಳಿದೆ.

"ಗುಡಿ ಇನ್ನೂ ಅಲ್ಲೇ ಐತಿ, ಬೇಕಂದಾಗ ಹೋಗಿ ನೋಡಬಹುದು. ಈ ಮನಷ್ಯಾ ಎಲ್ಲಿ ಅದಾನ, ನೀ ಹೇಳು."

ಉತ್ತರ ಗೊತ್ತಿಲ್ಲದ ಕಡೆ ನಗುವುದು ನನ್ನ ಅಭ್ಯಾಸ. ನಕ್ಕೆ.

ಒಮ್ಮೆ ರುಮಾಲಿನವನೊಬ್ಬನ ಪ್ರಿಂಟು ಹಿಡಿದು, ಅವನ ವಂಶದವರನ್ನು ಹುಡುಕಲು ನನ್ನನ್ನೂ ಕುರುಗೋಡಿಗೆ ಎಳೆದೊಯ್ದ. ಚಹಾದಂಗಡಿಯಲ್ಲಿ ಕೂತವರಿಗೆಲ್ಲ ತೋರಿಸಿ "ಇವ್ರು ನಿಮ್ಮವರೇನ್ರಿ?" ಎಂದು ವಿಚಾರಣೆ! ನನಗೆ ತಲೆ ಎತ್ತಲಾಗಲಿಲ್ಲ. ಮುದುಕರೊಬ್ಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನಮ್ಮವರಲ್ಲ ಬಿಡ್ರಿ. ನಮ್ಮವರಾಗಿದ್ರ ಫೋಟೋ ತೆಗಿಯೋತನ ಹಿಂಗ ಸುಮ್ನ ನಿಂದ್ರತಿದ್ದಿಲ್ಲ" ಎಂದರು.

ಮಾಮ ಗಂಭೀರವಾಗಿ ನೋಟುಬುಕ್ಕಿನಲ್ಲಿ ಬರೆದುಕೊಂಡ: 'ಕುರುಗೋಡಿನವನಲ್ಲ. ತಾಳ್ಮೆಯುಳ್ಳವನು.'

ಅಷ್ಟರಲ್ಲಿ ನನಗೂ ಎರಡು ಅದಿರು ಲಾರಿಗಳಾಗಿದ್ದವು. ಲಾರಿ ಬಂದ ಮೇಲೆ ಮಣ್ಣಿನ ಮನೆಯಲ್ಲಿರಲು ಆದೀತೇ? ಸಿರುಗುಪ್ಪದಲ್ಲಿ ಅವ್ವನೂ ನಾನೂ ಇದ್ದ ಹಳೆಯ ಮನೆ ಕೆಡವಿ, ಮುಂದುಗಡೆ ಪೂರ್ತಿ ಗಾಜು ಹಾಕಿಸುವ ಹುಚ್ಚು ಹತ್ತಿತು. ಜೆಸಿಬಿ ಬಂದು ನಿಂತ ಬೆಳಿಗ್ಗೆಯೇ ಮಾಮ ಯಾರದೋ ಕ್ಯಾಮೆರಾ ಎರವಲು ತಂದು ಹಾಜರಾದ.

"ಕಟ್ಟಿ ಮ್ಯಾಲಿನ ಕಂಬದ್ದೊಂದು ಫೋಟೋ ತಗೋತೀನಿ. ಅಕ್ಕ, ನೀ ಅದರ ಪಕ್ಕ ನಿಂದ್ರು."

"ಲಗೂನ ಮುಗಸು ಮಾಮ, ಜೆಸಿಬಿ ಕಾಯಾಕ ಹತ್ತೈತಿ" ಎಂದೆ.

ಅವ್ವ ಸೆರಗು ಸರಿಮಾಡಿಕೊಂಡು ನಿಂತಳು. "ನೋಡವ್ವ, ಕಡೀಗೆ ನಿನ್ನೂ ಅಳತಿಗೋಲು ಮಾಡಿದ" ಎಂದು ನಾನು ಆಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕಂಬ ಉರುಳಿತು.

ಗಾಜಿನ ಮನೆಯ ಗೃಹಪ್ರವೇಶಕ್ಕೆ ಅವ್ವ ಉಳಿಯಲಿಲ್ಲ. ಗೋಡೆಗೆ ಹಾಕಲು ಅವಳ ಫೋಟೋ ಹುಡುಕಿದೆ. ಲಾರಿಗಳಿಗೆ ಹಾರ ಹಾಕಿ ತೆಗೆಸಿದವು ಒಂದು ಆಲ್ಬಮ್ಮಿನ ತುಂಬ ಇದ್ದವು. ಅವ್ವನದು ರೇಷನ್ ಕಾರ್ಡಿನ ಮಸುಕು ಮುಖ ಒಂದೇ. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಬಾಷಾನ ಅಂಗಡಿಗೆ ಹೋಗಿ, ಮಾಮನ ಹಿಂದೆ ನಿಂತು ಕೇಳಿದೆ: "ಆ ಕಂಬದ ಫೋಟೋ ಐತೇನು ಮಾಮ?"

ಅವನು ಬೈಯಲಿಲ್ಲ. ರುಮಾಲಿನವರನ್ನು, ಕೋಲಿನವರನ್ನು ದಾಟಿ 'ನಮ್ಮವರು' ಎಂಬ ಫೋಲ್ಡರು ತೆರೆದ. ಒಳಗಿದ್ದದ್ದು ಒಂದೇ ಚಿತ್ರ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಒಂದು ಕೈ ಕಂಬದ ಮೇಲಿಟ್ಟು ಅವ್ವ ನಿಂತಿದ್ದಳು. ನಗಲು ನೋಡಿದೆ, ಅಳು ಬಂತು. ಚಿತ್ರದ ಕೆಳಗೆ ಮಾಮ ಬರೆದಿದ್ದ:

'ಅಕ್ಕ. ಎತ್ತರ ತಿಳಿಯಲೆಂದು ಪಕ್ಕದಲ್ಲಿ ಒಂದು ಕಂಬ.'