ಎಲ್ಲಾ ದಾರಿಗೂ ಸಲ್ಲುವ ಟೈರು

ನಾನು ಯಾವ ವಸ್ತುವನ್ನೂ ಅಧ್ಯಯನ ಮಾಡದೆ ಕೊಳ್ಳುವವನಲ್ಲ. ಬಕೆಟ್ ತರಬೇಕಾದರೂ ಅದರ ಹಿಡಿಕೆಯ ಬಗ್ಗೆ ಎರಡು ದಿನ ಯೋಚಿಸುತ್ತೇನೆ. ಹೀಗಿರುವಾಗ ನನ್ನ ಪಿಕಪ್ ಗಾಡಿಗೆ ಟೈರು ಆರಿಸಲು ಮೂರು ತಿಂಗಳು ತೆಗೆದುಕೊಂಡೆ ಎಂದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ.

ಒಂಟಿಕೊಪ್ಪಲಿನಲ್ಲಿ ನನ್ನದೊಂದು ನರ್ಸರಿ. ಗಿಡ, ಕುಂಡ, ಗೊಬ್ಬರ ಸಾಗಿಸುವುದಕ್ಕೆ ಈ ಹಳೆಯ ಪಿಕಪ್. ಕಳೆದ ಮಳೆಗಾಲದಲ್ಲಿ ಕೆಮ್ಮಣ್ಣು ತರಲು ಹೋಗಿ ಎರಡು ಸಲ ಕೆಸರಿನಲ್ಲಿ ಹೂತುಕೊಂಡಿತು. ಎರಡನೇ ಸಲ ಎತ್ತು ಕಟ್ಟಿ ಎಳೆಸಬೇಕಾಯಿತು. ಆ ಎತ್ತು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ಅಂದೇ ಶಪಥ ಮಾಡಿದೆ: ಹಾಕಿಸಿದರೆ ಆಲ್ ಟೆರೇನ್ ಟೈರು! ಕೆಸರು, ಮರಳು, ಕಲ್ಲು, ಡಾಂಬರು, ಎಲ್ಲಾ ದಾರಿಗೂ ಸಲ್ಲುವ ಟೈರು.

ಅಧ್ಯಯನ ಶುರುವಾಯಿತು. ಊಟ ಮಾಡುತ್ತಾ ಮೊಬೈಲಿನಲ್ಲಿ ಟೈರಿನ ವಿಡಿಯೋ ನೋಡಿದೆ. ಮರುಭೂಮಿಯಲ್ಲಿ ಹಾರುವ ಗಾಡಿಗಳು, ಹಿಮದಲ್ಲಿ ಏರುವ ಗಾಡಿಗಳು!

ನನ್ನ ಹೆಂಡತಿ ಸುಮಿತ್ರಾ ಒಂದು ದಿನ ಸಾರು ಬಡಿಸುತ್ತಾ ಕೇಳಿದಳು. “ಅಲ್ರೀ, ಯಾದವಗಿರಿಗೆ ದಾಸವಾಳದ ಗಿಡ ತಲುಪಿಸೋಕೆ ಹಿಮದಲ್ಲಿ ಓಡೋ ಟೈರ್ ಯಾಕ್ರೀ?”

“ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡು” ಎಂದೆ. ಆ ಮಾತನ್ನು ಅವಳು ಎತ್ತಿಟ್ಟುಕೊಂಡಳು.

ಕೊನೆಗೆ ಟೈರ್ ಅಂಗಡಿಯ ಅನ್ವರ್ ಸಾಹೇಬರ ಮುಂದೆ ಹೋಗಿ ನಿಂತೆ. ಮೂವತ್ತು ವರ್ಷದಿಂದ ಟೈರು ಬಿಚ್ಚಿ ಹಾಕಿದ ಕೈ ಅವರದು. ನಾನು ಆರಿಸಿದ ಟೈರನ್ನೂ ನನ್ನ ಗಾಡಿಯನ್ನೂ ನೋಡಿ ಅವರು ತಲೆ ಕೆರೆದುಕೊಂಡರು.

“ಸಾರ್, ಇದು ನಿಮ್ಮ ಗಾಡಿಗೆ ಒಂದು ಸೈಜ್ ದೊಡ್ಡದಾಯ್ತು. ಎಡಗಡೆ ಬಂಪರ್ ಮೂಲೆ ಬೇರೆ ಒಳಕ್ಕೆ ಬಗ್ಗೈತೆ. ತಿರುಗಿಸಿದ್ರೆ ಉಜ್ಜುತ್ತೆ ನೋಡಿ.”

“ಸಾಹೇಬ್ರೇ, ದೊಡ್ಡ ಟೈರು ಹಾಕಿದರೆ ಗಾಡಿ ಎತ್ತರವಾಗುತ್ತೆ. ಎತ್ತರವಾದರೆ ಕಲ್ಲು ತಗಲಲ್ಲ.” ಎಂದು ಶುರು ಮಾಡಿ ಅವರಿಗೆ ಇಪ್ಪತ್ತು ನಿಮಿಷ ಉಪನ್ಯಾಸ ಕೊಟ್ಟೆ. ಸಾಹೇಬರು ಅಷ್ಟೂ ಹೊತ್ತು ಕೈಯಲ್ಲಿ ಸ್ಪ್ಯಾನರ್ ಹಿಡಿದು ಕೇಳಿಸಿಕೊಂಡರು. ಆಮೇಲೆ “ನಿಮ್ಮಿಷ್ಟ ಸಾರ್” ಎಂದು ಕೆಲಸಕ್ಕೆ ಕೈ ಹಚ್ಚಿದರು.

ಅಂಗಡಿಯಿಂದ ಮನೆಗೆ ನೇರ ದಾರಿ, ಕೊನೆಯಲ್ಲೊಂದು ಬಲ ತಿರುವು. ಗಾಡಿ ಆನೆಯಂತೆ ಬಂದು ನಿಂತಿತು. ಏನೂ ಉಜ್ಜಲಿಲ್ಲ! ಮೂವತ್ತು ವರ್ಷದ ಅನುಭವವೂ ಅಧ್ಯಯನದ ಮುಂದೆ ಸೋತಿತಲ್ಲ ಎಂದು ಸಾಹೇಬರ ಬಗ್ಗೆ ನನಗೆ ಸ್ವಲ್ಪ ಮರುಕವೂ ಆಯಿತು.

ಮಾರನೆಯ ದಿನ ವಿಜಯನಗರದಲ್ಲಿ ಸುಮಿತ್ರಾಳ ತಮ್ಮನ ಮಗುವಿಗೆ ನಾಮಕರಣ. ಆ ಮನೆತನದ ತೇಗದ ತೊಟ್ಟಿಲು ನಮ್ಮ ಮನೆಯಲ್ಲಿತ್ತು. ಸುಮಿತ್ರಾ ಮಲಗಿದ್ದು ಅದರಲ್ಲೇ, ಅವಳ ತಮ್ಮ ಮಲಗಿದ್ದು ಅದರಲ್ಲೇ, ನಮ್ಮ ಮಕ್ಕಳು ಮಲಗಿದ್ದೂ ಅದರಲ್ಲೇ. ಅದಕ್ಕೆ ಎಣ್ಣೆ ತಿಕ್ಕಿ ಹೊಳಪಿಸಲೆಂದೇ ನಮ್ಮತ್ತೆ ಹಿಂದಿನ ದಿನ ಬಂದು ಉಳಿದಿದ್ದರು. ಮುಹೂರ್ತ ಹತ್ತೂವರೆಗೆ. ಸುಮಿತ್ರಾ ಬೆಳಿಗ್ಗೆಯೇ ಸ್ಕೂಟರಿನಲ್ಲಿ ಹೋದಳು. ತೊಟ್ಟಿಲು, ಅತ್ತೆ, ಇಬ್ಬರೂ ನನ್ನ ಜವಾಬ್ದಾರಿ.

ಒಂಬತ್ತೂವರೆಗೆ ಹೊರಟೆವು. ಗಾಡಿ ಎತ್ತರವಾಗಿದ್ದರಿಂದ ಅತ್ತೆಯವರನ್ನು ಸ್ಟೂಲಿನ ಮೇಲೆ ಹತ್ತಿಸಿ, ಅಲ್ಲಿಂದ ಸೀಟಿಗೆ ಹತ್ತಿಸಬೇಕಾಯಿತು. ಕೂತವರೇ ಕೆಳಗೆ ನೋಡಿ, “ಅಳಿಯಂದ್ರೇ, ಮಾಳಿಗೆ ಮೇಲೆ ಕೂತಂಗೈತೆ” ಎಂದರು. ರಸ್ತೆಗೆ ಇಳಿದ ಮೇಲೆ ಟೈರು ‘ಗುಂಯ್’ ಎಂದು ಶಬ್ದ ಮಾಡತೊಡಗಿತು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಆಕಾಶ ನೋಡಿದರು. ವಿಮಾನ ಅಲ್ಲ, ಟೈರು ಎಂದು ತಿಳಿಸಿದೆ.

ಸರ್ಕಲ್ ಬಂತು. ಅದನ್ನು ಸುತ್ತಿ ಎಡಕ್ಕೆ ಹೊರಬಿದ್ದರೆ ವಿಜಯನಗರದ ದಾರಿ. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೆ.

“ಕರ್ರ್ರ್ರ್!”

ಮಿಕ್ಸಿಗೆ ಜಲ್ಲಿ ಹಾಕಿದಂಥ ಸದ್ದು. ಗಾಬರಿಯಾಗಿ ಬಲಕ್ಕೆ ತಿರುಗಿಸಿದೆ. ಸದ್ದು ನಿಂತಿತು. ಆದರೆ ದಾರಿ ತಪ್ಪಿತು. ಪರವಾಗಿಲ್ಲ, ಇನ್ನೊಂದು ಸುತ್ತು ಬಂದರಾಯಿತು ಎಂದುಕೊಂಡೆ. ಸುತ್ತು ಬಂದು ಎಡಕ್ಕೆ ತಿರುಗಿಸಿದೆ. “ಕರ್ರ್ರ್ರ್!” ಮತ್ತೆ ಬಲ. ನನಗೆ ವಿಷಯ ಅರ್ಥವಾಯಿತು. ಬಗ್ಗಿದ ಬಂಪರ್ ಮೂಲೆ ಎಡಗಡೆ ಟೈರಿಗೆ ಕಚ್ಚುತ್ತಿತ್ತು. ಜಗತ್ತಿನ ಎಲ್ಲಾ ದಾರಿಗೂ ಸಲ್ಲುವ ನನ್ನ ಟೈರು ಎಡದಾರಿಗೆ ಮಾತ್ರ ಸಲ್ಲುತ್ತಿರಲಿಲ್ಲ!

ಹಿಂದೆ ಬಸ್ಸು, ಪಕ್ಕದಲ್ಲಿ ಆಟೋ. ನಿಲ್ಲಿಸುವಂತಿಲ್ಲ. ಸುತ್ತತೊಡಗಿದೆ.

“ಅಳಿಯಂದ್ರೇ, ಆ ಬೇಕರಿ ಆಗ್ಲೇ ಬಂದಿತ್ತಲ್ವಾ?” ಎಂದು ಅತ್ತೆ ಕೇಳಿದರು.

“ಅದು ಬೇರೆ ಬೇಕರಿ ಅತ್ತೆ.”

ಮುಂದಿನ ಸುತ್ತಿನಲ್ಲಿ ಬೇಕರಿಯವನು ನಮಗೆ ಕೈ ಬೀಸಿದ. ಅತ್ತೆ ಅವನನ್ನೂ ನನ್ನನ್ನೂ ನೋಡಿದರು. ಐದನೆಯ ಸುತ್ತಿಗೆ, ಹೇಗೂ ಬಲಕ್ಕೆ ಸುತ್ತುತ್ತಿದ್ದೇವಲ್ಲ, ಪ್ರದಕ್ಷಿಣೆಯೇ ಆಯಿತು ಎಂದುಕೊಂಡರೋ ಏನೋ, ಕಣ್ಣು ಮುಚ್ಚಿ ಕೈ ಮುಗಿದರು.

ಫೋನ್ ಬಂತು. ಸುಮಿತ್ರಾ. ಅತ್ತೆ ಸ್ಪೀಕರ್ ಒತ್ತಿದರು.

“ಅಮ್ಮಾ, ಪುರೋಹಿತರು ಕಾಯ್ತಾವ್ರೆ. ಎಲ್ಲಿದ್ದೀರಾ?”

“ಸರ್ಕಲ್‌ನಲ್ಲಿ ಕಣೇ.”

“ಯಾವ ಕಡೆ ಹೋಗ್ತಿದ್ದೀರಾ?”

“ಎಲ್ಲಾ ಕಡೆಗೂ ಹೋಗ್ತಿದೀವಿ ಕಣೇ.”

ಕೊನೆಗೆ ಟ್ರಾಫಿಕ್ ಪೊಲೀಸಿನವರೊಬ್ಬರು ಅಡ್ಡ ನಿಂತು, “ಏನ್ಸಾರ್, ಏನಾದ್ರೂ ಕಳ್ಕೊಂಡಿದ್ದೀರಾ?” ಎಂದರು. ಮರ್ಯಾದೆ ಎಂದು ಹೇಳಬೇಕೆನಿಸಿತು. ಟೈರಿನ ಕಥೆ ಹೇಳಿದೆ. ಅವರು ನಾಲ್ಕೂ ಕಡೆಯ ವಾಹನ ತಡೆದು, ನಾನು ಗಾಡಿಯನ್ನು ಒಂದಿಷ್ಟು ಹಿಂದಕ್ಕೆ, ಒಂದಿಷ್ಟು ಮುಂದಕ್ಕೆ ಆಡಿಸಿ ಹೊರಬೀಳುವ ತನಕ ಕಾದರು. ಇಷ್ಟು ರಾಜಮರ್ಯಾದೆ ನನ್ನ ಮದುವೆ ಮೆರವಣಿಗೆಗೂ ಸಿಕ್ಕಿರಲಿಲ್ಲ.

ಅಲ್ಲಿಂದ ಮುಂದೆ ಗಣಿತದ ಮೊರೆಹೊಕ್ಕೆ. ಮೂರು ಸಲ ಬಲಕ್ಕೆ ತಿರುಗಿದರೆ ಒಂದು ಸಲ ಎಡಕ್ಕೆ ತಿರುಗಿದಂತೆ! ಹಾಗೇ ಹೋದೆ. ನೋಡದ ಬೀದಿಗಳನ್ನೆಲ್ಲ ನೋಡಿದೆವು. ಒಂದು ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದ ಹೆಂಗಸು ನಾವು ಎರಡನೇ ಸಲ ಹಾದುಹೋಗುವಾಗ ರಂಗೋಲಿ ಮುಗಿಸಿ ಬಣ್ಣ ತುಂಬುತ್ತಿದ್ದಳು.

“ವಿಜಯನಗರ ಇಷ್ಟು ದೂರ ಯಾವಾಗ ಹೋಯ್ತು ಅಳಿಯಂದ್ರೇ?” ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಕೈಯಲ್ಲಿದ್ದ ಮಗುವಿನ ಕುಲಾವಿಯನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು. “ಮಗೂನ ಆ ತೊಟ್ಟಿಲಿಗೆ ನನ್ನ ಕೈಯಾರೆ ಹಾಕ್ಬೇಕು ಅಂತಿತ್ತು” ಎಂದು ಮೆಲ್ಲಗೆ ಹೇಳಿದರು. ಗಾಡಿಯ ವೇಗ ಹೆಚ್ಚಿಸಿದೆ. ಬಲಕ್ಕೆ.

ಹನ್ನೊಂದು ಗಂಟೆಗೆ ಭಾಮೈದನ ಬೀದಿ ತಲುಪಿದೆವು. ಅದು ಎಡಗಡೆಯ ಗಲ್ಲಿ! ಎದುರಿಗೆ ಬಲಕ್ಕೆ ತಿರುಗಲು ಬೀದಿಯೇ ಇಲ್ಲದೆ ಗಣಿತವೂ ಕೈಕೊಟ್ಟಿತು. ಗಲ್ಲಿಯ ಬಾಯಲ್ಲೇ ಗಾಡಿ ನಿಲ್ಲಿಸಿ ಫೋನ್ ಮಾಡಿದೆ. ರೇಷ್ಮೆ ಪಂಚೆ ಉಟ್ಟ ನಾಲ್ವರು ನೆಂಟರು ಓಡಿಬಂದು ತೊಟ್ಟಿಲನ್ನು ಹೆಗಲ ಮೇಲೆ ಹೊತ್ತರು. ಮುಂದೆ ಅತ್ತೆ, ನಡುವೆ ಪಲ್ಲಕ್ಕಿಯಂತೆ ತೊಟ್ಟಿಲು, ಕೊನೆಗೆ ಸ್ಟೂಲ್ ಹಿಡಿದುಕೊಂಡು ನಾನು.

ಮುಹೂರ್ತ ಮೀರಬಾರದೆಂದು ಮಗುವನ್ನು ಸ್ನಾನದ ಪ್ಲಾಸ್ಟಿಕ್ ಟಬ್ಬಿಗೆ ಸೀರೆ ಹಾಸಿ ಮಲಗಿಸಿ ಹೆಸರಿಟ್ಟಾಗಿತ್ತು. ಮಗು ಅದರಲ್ಲಿ ಹಾಯಾಗಿ ನಿದ್ರಿಸುತ್ತಿತ್ತು. ಆದರೂ ಸುಮಿತ್ರಾ ಅದನ್ನು ಎತ್ತಿ ಅಮ್ಮನ ಕೈಗೆ ಕೊಟ್ಟಳು. ಅತ್ತೆ ಕುಲಾವಿ ತೊಡಿಸಿ, ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮತ್ತೊಮ್ಮೆ ಹೆಸರು ಹೇಳಿದರು. ಮಗು ಕಣ್ಣು ಬಿಟ್ಟಿತು. ನನ್ನನ್ನು ನೋಡಿತು. ಕಿಟಾರನೆ ಕಿರುಚಿತು.

ಊಟಕ್ಕೆ ಕೂತಾಗ ಪಕ್ಕದ ಎಲೆಯ ಹಿರಿಯರು ಕೇಳಿದರು. “ಹೊರಗಡೆ ನಿಂತಿರೋ ಗಾಡಿ ನಿಮ್ದಾ? ನಮ್ಮ ತೋಟದ ಗಾಡಿಗೂ ಅಂಥವೇ ಟೈರ್ ಹಾಕಿಸೋಣ ಅಂತಿದ್ದೆ. ಎಂಗೈತೆ?”

ನಾನು ಬಾಯಿ ತೆರೆಯುವ ಮೊದಲೇ ಹೋಳಿಗೆ ಬಡಿಸುತ್ತಿದ್ದ ಸುಮಿತ್ರಾ ಹೇಳಿದಳು. “ನಮಗೆ ಇದೆಲ್ಲ ಅರ್ಥ ಆಗಲ್ಲ ಬುಡಿ. ಅವರನ್ನೇ ಕೇಳಿ.”

ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ನಾನು ಒಂದು ಇಡೀ ಹೋಳಿಗೆಯನ್ನು ಬಾಯಿಗೆ ತುಂಬಿಕೊಂಡೆ.

ಗಾಡಿಯನ್ನು ಅಲ್ಲೇ ಬಿಟ್ಟು ಸಂಜೆ ಆಟೋದಲ್ಲಿ ಮನೆಗೆ ಹೊರಟೆ. ಮೊದಲ ತಿರುವಿನಲ್ಲೇ ಆಟೋ ಎಡಕ್ಕೆ ತಿರುಗಿತು. ಸದ್ದಿಲ್ಲ, ಗದ್ದಲವಿಲ್ಲ! ತಡೆಯಲಾರದೆ ಬಗ್ಗಿ ಅದರ ಟೈರು ನೋಡಿದೆ. ಅಂಗೈಯಷ್ಟು ನುಣ್ಣಗೆ ಸವೆದಿತ್ತು.

“ಏನ್ಸಾರ್, ಏನಾದ್ರೂ ಬಿದ್ದೋಯ್ತಾ?” ಡ್ರೈವರ್ ಕೇಳಿದ.

“ಏನಿಲ್ಲಪ್ಪ. ಈ ಟೈರು ಯಾವುದು?”

“ಯಾವ್ದೋ ಗೊತ್ತಿಲ್ಲ ಸಾರ್. ಅಂಗಡಿಯವ್ನು ಹಾಕ್ಕೊಟ್ಟ, ಹಾಕುಸ್ಕೊಂಡೆ.”