ಅರ್ಧ ರೊಟ್ಟಿಯ ವೈನಿ ಮತ್ತು ರವಿವಾರದ ರೈಲು

ಕೆಲಸವಿಲ್ಲದೆ ನಡೆಯುವ ಹೆಂಗಸರನ್ನು ನಮ್ಮ ಸೀಮೆಯ ಜನ ಸುಮ್ಮನೆ ನಡೆಯಲು ಬಿಡುವುದಿಲ್ಲ. ಸೋಲಾಪುರದಲ್ಲಿ ರೈಲು ಹತ್ತಿ, ಯಾವುದೋ ಸಣ್ಣ ಸ್ಟೇಶನ್ನಿನಲ್ಲಿ ಇಳಿದು, ಹೊಲದ ದಾರಿ ಹಿಡಿದ ಒಂದು ರವಿವಾರವೂ ನನಗೆ ಸುಸೂತ್ರವಾಗಿ ಕಳೆದದ್ದಿಲ್ಲ.

ನಾನು ರೊಟ್ಟಿ ಮಾಡಿ ಬದುಕು ಕಟ್ಟಿಕೊಂಡವಳು. ಹನ್ನೂರಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಸೋಲಾಪುರಕ್ಕೆ ಸೊಸೆಯಾಗಿ ಬಂದು, ಒಂದೇ ಒಲೆ, ಒಂದೇ ಹಂಚಿನಿಂದ ಶುರು ಮಾಡಿದೆ. ಈಗ ಹನ್ನೊಂದು ಮಂದಿ ಹೆಂಗಸರು ನನ್ನಲ್ಲಿ ರೊಟ್ಟಿ ಬಡಿಯುತ್ತಾರೆ. ಸಾಲಿಯ ಮುಖ ಕಂಡವಳಲ್ಲ. ರೊಟ್ಟಿ ಸುತ್ತಿ ಕೊಡಲು ತಂದ ಹಳೆಯ ಪೇಪರುಗಳಲ್ಲಿ ಅಕ್ಷರ ಕಲಿತೆ. ಪೇಪರು ಹರಿದಲ್ಲಿಗೆ ಸುದ್ದಿಯೂ ನಿಂತುಬಿಡುತ್ತಿತ್ತು. ಅಂದಿನಿಂದ ಅರ್ಧಕ್ಕೆ ನಿಂತದ್ದು ಯಾವುದೇ ಇರಲಿ, ನನಗೆ ಆಗಿಬರುವುದಿಲ್ಲ.

ನಮ್ಮ ಓಣಿಯ ಬಟ್ಟೆ ವ್ಯಾಪಾರಿಗಳ ಮನೆಯ ಹಿರಿಯಾಕೆಯನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತೇವೆ. ಯಜಮಾನರು ತೀರಿಕೊಂಡ ಮೇಲೆ ಅವರ ಊಟ ಅರ್ಧ ರೊಟ್ಟಿಗೆ ಬಂದು ನಿಂತಿತು. ಬಂಗಾರದ ಬಳೆ ಮೊಣಕೈತನಕ ಜಾರತೊಡಗಿದವು. ಡಾಕ್ಟರು ಟಾನಿಕ್ ಬರೆದರು. ಸೊಸೆಯಂದಿರು ಬಗೆಬಗೆಯ ಅಡಿಗೆ ಮಾಡಿದರು. ವೈನಿ ಎಲ್ಲವನ್ನೂ ಬೆರಳಿನಿಂದ ಮುಟ್ಟಿ ಕೈ ತೊಳೆಯುವರು. ಆ ಮನೆಗೆ ರೊಟ್ಟಿ ಹೋಗುವುದು ನನ್ನಿಂದ. ಹೀಗಾಗಿ ತಾಟಿನಲ್ಲಿ ಉಳಿಯುತ್ತಿದ್ದ ಆ ಇನ್ನರ್ಧ ನನ್ನದೇ ಮರ್ಯಾದೆಯ ಪ್ರಶ್ನೆಯಾಯಿತು. ನಡೆದರೆ ಹಸಿವೆ ಹುಟ್ಟುತ್ತದೆ ಎಂದು ಎಲ್ಲೋ ಓದಿದ್ದೆ. ಒಂದು ಶನಿವಾರ ಹೋಗಿ ಹೇಳಿದೆ.

“ವೈನಿ, ನಾಳಿ ರೈಲಿಗಿ ಹೋಗೂಣ್ರಿ.”

“ಎಲ್ಲಿಗಿ?”

“ಎಲ್ಲಿಗೂ ಇಲ್ಲ. ಇಳಿಯೂದು, ನಡಿಯೂದು, ಬರೂದು.”

“ಯಾರದರೆ ಲಗ್ನ ಅದ ಏನು?”

“ಇಲ್ರಿ.”

ವೈನಿ ನನ್ನ ಹಣೆ ಮುಟ್ಟಿ ನೋಡಿದರು. “ರೊಟ್ಟಿ ಅಕ್ಕ, ನಿಮಗ ಆರಾಮ ಅದ ಹೌದಿಲ್ಲೋ?” ಎಂದರು. ಆದರೂ ಬಂದರು.

*ಸಿಟ್ಟಾಗಿ ಹೊಂಟವರು*

ಮೊದಲ ರವಿವಾರ ಹೋಟಗಿಯಲ್ಲಿ ಇಳಿದೆವು. ಹತ್ತು ಹೆಜ್ಜೆ ಹಾಕಿಲ್ಲ, ಒಬ್ಬ ಮೋಟರಸೈಕಲ್ ನಿಲ್ಲಿಸಿ “ಹತ್ರಿ” ಎಂದ. ಬೇಡವೆಂದೆ. ಇನ್ನೊಬ್ಬ ನಿಲ್ಲಿಸಿದ. ಅವನಿಗೂ ಬೇಡವೆಂದೆ. ಕೊನೆಗೆ ಒಂದು ಟ್ರ್ಯಾಕ್ಟರ್ ನಮ್ಮನ್ನು ದಾಟಿ ಹೋಗಿ, ಮುಂದೆ ನಿಂತು, ಹಿಂದಕ್ಕೆ ಬಂತು. ಮೇಲೆ ಕೂತವನು ದೊಡ್ಡ ಮೀಸೆಯ ಹಿರಿಯ.

“ಎಲ್ಲಿಗಿ ಹೊಂಟೀರಿ ತಾಯಿ?”

“ನಡಿಯಾಕ ಬಂದೀವ್ರಿ.”

“ನಡಿಯಾಕತ್ತೀರಿ, ಅದು ಕಾಣಾಕತ್ತದ. ಎಲ್ಲಿಗಿ ಅಂತ ಕೇಳಿದೆ.”

“ಎಲ್ಲಿಗೂ ಇಲ್ರಿ.”

ಆತ ಎಂಜಿನ್ ಬಂದ್ ಮಾಡಿದ. ವೈನಿಯ ಬಾಡಿದ ಮುಖ ನೋಡಿದ, ನನ್ನ ಬಿಗಿದ ಮುಖ ನೋಡಿದ, ದನಿ ಇಳಿಸಿದ. “ಸಿಟ್ಟಾಗಿ ಮನಿ ಬಿಟ್ಟು ಹೋಗಬಾರದು. ಸೊಸ್ತೇರು ಅಂದಮ್ಯಾಲ ಒಂದ ಮಾತು ಬರ್ತದ, ಹೋಗ್ತದ. ಮಗನ ನಂಬರ ಕೊಡ್ರಿ, ನಾ ತಿಳಿಸಿ ಹೇಳ್ತೀನಿ.”

ನಾನೆಷ್ಟು ಹೇಳಿದರೂ ಕೇಳಲಿಲ್ಲ. ಟ್ರಾಲಿಯಲ್ಲಿ ಗೋಣಿಚೀಲ ಹಾಸಿ ಕೂಡಿಸಿ, ನಮ್ಮನ್ನು ಮತ್ತೆ ಸ್ಟೇಶನ್ನಿಗೇ ತಂದು ಬಿಟ್ಟು, ರೈಲು ಬರುವತನಕ ಕಾದು, ನಾವು ಡಬ್ಬಿ ಹತ್ತಿದ್ದನ್ನು ನೋಡಿದ ಮೇಲೆಯೇ ಹೋದ.

ರೈಲಿನಲ್ಲಿ ವೈನಿ ಹೇಳಿದರು, “ನನ್ನ ಸೊಸ್ತೇರು ಛಲೋ ಅದಾರ. ಆ ಮನಷ್ಯಾ ನಿಮ್ಮ ಮಾರಿ ನೋಡಿ ಹಂಗ ಅಂದಿರಬೇಕು.”

*ನೀರು ಕೇಳಿದ್ದು*

ಎರಡನೆಯ ಸಲ ತಿಲಾಟಿ. ಬಿಸಿಲು ಏರಿತ್ತು. ಒಂದು ಮನೆಯ ಮುಂದೆ ನಿಂತು ನೀರು ಕೇಳಿದೆವು. ಯಜಮಾನಿತಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಏನೋ ಪಿಸುಗುಟ್ಟಿ ಬಂದಳು. ಹೊರಸಿನ ಮೇಲೆ ಹೊಸ ಚಾದರ ಬಿತ್ತು. ನೀರು ಬಂತು, ಚಹಾ ಬಂತು, ಒಗ್ಗರಣೆ ಅವಲಕ್ಕಿ ಬಂತು. ಆಮೇಲೆ ಸೀರೆ ಉಟ್ಟ ಹುಡುಗಿಯೊಬ್ಬಳು ಎರಡನೆಯ ಸಲ ಚಹಾ ತಂದಳು. ನೆಲ ನೋಡುತ್ತ ನಿಂತಳು.

ನಮ್ಮ ಹಳ್ಳಿಗಳ ಜನಕ್ಕೆ ಎಷ್ಟು ಮನಸ್ಸು ಎಂದು ನಾನು ಕರಗಿಹೋದೆ. “ಏನ್ ಕಲ್ತೀ ಅವ್ವಾ?” ಎಂದು ಕೇಳಿದೆ.

“ಬಿ.ಎಸ್ಸಿ. ಕಡೀ ವರ್ಷ. ಮುಂದ ಕಲೀಬೇಕಂತೀನಿ, ಮನ್ಯಾಗ ಸಾಕು ಅಂತಾರ.”

“ಸಾಕು ಅಂದ್ರೇನು? ಕಲಿ. ನಾ ಸಾಲಿಗಿ ಹೋಗಲಾರದ ಇಷ್ಟು ಓದ್ತೀನಿ,” ಎಂದು ನನ್ನ ಕಥೆ ಶುರು ಮಾಡುವವಳಿದ್ದೆ. ಅಷ್ಟರಲ್ಲಿ ಯಜಮಾನಿತಿ ಸೆರಗು ಸರಿಪಡಿಸಿಕೊಂಡು ಕೇಳಿದಳು, “ಹುಡುಗ ಏನ್ ಮಾಡ್ತಾನ್ರಿ?”

“ಯಾವ ಹುಡುಗ?” ಎಂದೆ ನಾನು.

ಹೆಣ್ಣು ನೋಡಲು ಬರುವವರು ಮೊದಲು ಹೀಗೆ ದಾರಿಹೋಕರಂತೆ ಬಂದು ನೀರು ಕೇಳುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ ಅಷ್ಟೇ. ವೈನಿಗೆ ಹೊಸ ಚಾದರ ಬಿದ್ದಾಗಲೇ ಹೊಳೆದಿತ್ತಂತೆ. ಅವರು ಕಪ್ಪನ್ನು ನಿಧಾನವಾಗಿ ಕೆಳಗಿಟ್ಟು, “ನಮಗ ಕಲಿತ ಹುಡುಗಿನ ಬೇಕ್ರಿ. ಎಮ್.ಎಸ್ಸಿ. ಮುಗೀಲಿ, ಆಮ್ಯಾಲ ಬಂದು ಮಾತಾಡ್ತೀವಿ,” ಎಂದರು.

ಹುಡುಗಿ ಮೊದಲ ಸಲ ತಲೆಯೆತ್ತಿದಳು.

ಹೊರಗೆ ಬಂದ ಮೇಲೆ ನಾನು ರೇಗಿದೆ. “ವೈನಿ, ಸುಳ್ಳು ಹೇಳಿದ್ರಲ್ಲ.”

“ಮತ್ತೇನು ಮಾಡ್ಲಿ? ಎರಡ ಸಲ ಚಾ ಕುಡದೀವಿ,” ಎಂದರು ವೈನಿ.

*ಪಾದಯಾತ್ರೆ*

ಮೂರನೆಯ ಸಲ ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದದ್ದು ನನ್ನ ತಪ್ಪು. ಅಲ್ಲಿಂದ ಯಾತ್ರೆಯ ಊರಾದ ಅಕ್ಕಲಕೋಟದ ಕಡೆಗೆ ನಡೆಯುವವರನ್ನು ಜನ ದೇವರಿಗೆ ಹೊರಟವರೆಂದೇ ತಿಳಿಯುತ್ತಾರೆ. ಒಂದು ಗುಡಾರದ ಹತ್ತಿರ ನಮ್ಮನ್ನು ತಡೆದು, ಕಾಲಿಗೆ ನೀರು ಹಾಕಿ, ಬಾಳೆಹಣ್ಣು ಕೊಟ್ಟರು. ನಾನು ಹಟದವಳು, ಇಲ್ಲದ ಪುಣ್ಯ ನನಗೆ ಬೇಡ.

“ನಾವು ಭಕ್ತರಲ್ರಿ. ಸುಮ್ನ ನಡಿಯಾಕತ್ತೀವಿ,” ಎಂದೆ.

“ಖರೇ ಭಕ್ತರು ಹಂಗೇ ಅಂತಾರ,” ಎಂದು ಒಬ್ಬ ನಮಸ್ಕಾರ ಮಾಡಿದ.

“ಅಲ್ರಿ, ಈ ವೈನಿಗೆ ಹಸಿವಿ ಆಗಲಿ ಅಂತ ನಡಸಾಕತ್ತೀನಿ.”

“ನೋಡ್ರಿ, ಮಂದಿಗೋಸ್ಕರ ನಡಿಯಾಕತ್ಯಾರ,” ಎಂದು ಅವನ ಹೆಂಡತಿಯೂ ಬಾಗಿದಳು. ನಾನು ಬಾಯಿ ಬಿಟ್ಟಷ್ಟೂ ಜನ ಹೆಚ್ಚಾದರು. ವೈನಿ ಮಾತ್ರ ತೆಪ್ಪಗೆ ಕೂತು ಎಲ್ಲರ ತಲೆ ಮುಟ್ಟಿ ಹರಸಿದರು. ಪ್ರಸಾದ ಉಳಿಸಬಾರದೆಂದು ಇಡೀ ಬಾಳೆಹಣ್ಣು ತಿಂದರು. ಅದನ್ನು ನೋಡಿ ನಾನು ಬಾಯಿ ಮುಚ್ಚಿಕೊಂಡು ನನ್ನ ಪಾಲಿನ ನಮಸ್ಕಾರ ತೆಗೆದುಕೊಂಡೆ.

ಮನೆಯಲ್ಲಿ ಮತ್ತೆ ಅರ್ಧ ರೊಟ್ಟಿಯೇ. ವೈನಿಯ ಸೊಸೆಯೊಬ್ಬಳು ಬಾಗಿಲ ಸಂದಿಯಲ್ಲಿ ನಿಂತು, “ರೊಟ್ಟಿ ಅಕ್ಕ, ಹಿಂಗಾದ್ರ ಎಷ್ಟು ದಿನ ಉಳೀತಾರ್ರಿ?” ಎಂದು ಕಣ್ಣೊರೆಸಿಕೊಂಡಳು.

*ಎಳ್ಳಮಾಸಿ*

ಮುಂದಿನ ರವಿವಾರ ಮತ್ತೆ ಹೋಟಗಿ, ಈ ಸಲ ಹಳಿಯ ಆಚೆ ಬದಿ. ಮೊಣಕಾಲು ದಾಟಿ ಬೆಳೆದ ಜೋಳ. ಎಲ್ಲ ದಾರಿಯಲ್ಲೂ ಹೊಸ ಸೀರೆಯ ಹೆಂಗಸರು ಬುಟ್ಟಿ ಹೊತ್ತು ಹೊರಟಿದ್ದಾರೆ. ಆಗ ನೆನಪಾಯಿತು, ಅಂದು ಎಳ್ಳು ಅಮಾವಾಸ್ಯೆ. ಮಾಡಿದ ಅಡಿಗೆಯನ್ನೇ ಬೆಳೆಗೆ ಚರಗವೆಂದು ಚೆಲ್ಲಿ, ಮನೆಮಂದಿಯೆಲ್ಲ ಹೊಲದಲ್ಲೇ ಉಣ್ಣುವ ದಿನ. ಅಂದು ಬದುವಿನ ಮೇಲೆ ಹಾದುಹೋಗುವವರನ್ನು ಉಣಿಸದೆ ಕಳಿಸಿದರೆ ಹೊಲದವರಿಗೆ ಸಮಾಧಾನವಿಲ್ಲ. ಒಕ್ಕಲುತನದ ಮನೆಯ ಮಗಳಾದ ನಾನೇ ಮರೆತಿದ್ದೆ.

ಮೊದಲ ಹೊಲದಲ್ಲಿ ಶೇಂಗಾ ಹೋಳಿಗೆ. ಎರಡನೆಯದರಲ್ಲಿ ಸಜ್ಜಿ ರೊಟ್ಟಿ, ಭಜ್ಜಿ. ಮೂರನೆಯದರಲ್ಲಿ ಕಡಬು, ಅಂಬಲಿ. ವೈನಿ ಪ್ರತಿ ಕಡೆ ಚೂರು ಮುಟ್ಟಿ ತಾಟು ನನ್ನ ಕಡೆ ಸರಿಸುವರು. ಅರ್ಧಕ್ಕೆ ಬಿಡುವುದು ನನಗಾಗದು. ಎರಡೂ ತಾಟು ನಾನೇ ಮುಗಿಸಿದೆ. ನಾಲ್ಕನೆಯ ಹೊಲ ದಾಟುವಾಗ ಉಸಿರಾಡಲು ಜಾಗವಿರಲಿಲ್ಲ.

ಐದನೆಯದು ಹೊಲದಲ್ಲೇ ಮನೆ ಮಾಡಿಕೊಂಡವರ ವಸ್ತಿ. ಒಬ್ಬ ಮುದುಕಿ, ಎಲ್ಲರೂ ಆಯಿ ಎನ್ನುವವಳು, ಬೇವಿನ ಕೆಳಗೆ ಒಲೆ ಹೂಡಿ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಬಂದವರು ಹೆಚ್ಚಾಗಿ ರೊಟ್ಟಿ ಸಾಲದಾಗಿತ್ತು. ನಾನು ಬೇವಿನ ಬೊಡ್ಡೆಗೆ ಒರಗಿಬಿಟ್ಟೆ. ಆಯಿ ವೈನಿಯನ್ನು ಏನೂ ಕೇಳದೆ ತಾಟಿಗೆ ಒಂದು ರೊಟ್ಟಿ ಹಾಕಿದಳು, ಮೇಲೆ ಬೆಣ್ಣೆ, ಪಕ್ಕದಲ್ಲಿ ಖಾರದ ಚಟ್ನಿಪುಡಿ, ಅಗಸಿ ಹಿಂಡಿ.

ವೈನಿ ಒಂದು ಚೂರು ಮುರಿದರು. ಇನ್ನೊಂದು ಮುರಿದರು. ಅರ್ಧವಾಯಿತು. ಕೈ ನಿಲ್ಲಲಿಲ್ಲ. ನಾನು ಬೇರೆ ಕಡೆ ನೋಡುವವಳಂತೆ ನಟಿಸುತ್ತ ಅವರ ತಾಟನ್ನೇ ನೋಡುತ್ತಿದ್ದೆ. ಒಂದು ಮುಗಿಯಿತು. ಆಯಿ ಎರಡನೆಯದು ಹಾಕಿದಳು. ಅದೂ ಮುಗಿಯಿತು. ಮೂರನೆಯದನ್ನು ಹಾಕಿ, ಆಯಿ ನನ್ನ ಕಡೆ ತಿರುಗಿದಳು.

“ಈಕಿ ನಿಮ್ಮ ಮನಿಯಾಕಿ ಏನು?”

“ಹೂಂರಿ, ಹಂಗೇ ಅನ್ರಿ.”

“ಉಣ್ಣಾಕ ಹಾಕೂದಿಲ್ಲೇನು ಈಕಿಗಿ? ನೀ ನೋಡಿದ್ರ ಜ್ವಾಳ ತುಂಬಿದ ಹಗೇವು ಆಗೀದಿ, ಆಕಿ ಒಣಕಟಗಿ ಆಗ್ಯಾಳ. ನಿನಗ ರೊಟ್ಟಿ ಮಾಡಾಕ ಬರ್ತದೋ ಇಲ್ಲೋ?”

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ರೊಟ್ಟಿ ಪುಣೆಗೆ ಹೋಗುತ್ತದೆ, ಮುಂಬೈಗೆ ಹೋಗುತ್ತದೆ ಎಂದು ಹೇಳಲು ಬಾಯಿ ತೆರೆದೆ. ವೈನಿಯ ಕೈ ಮೂರನೆಯ ರೊಟ್ಟಿಯ ಮೇಲೆ ನಿಂತಿತ್ತು. ನನ್ನನ್ನೇ ನೋಡುತ್ತಿದ್ದರು. ನನಗೆ ಬೇಸರವಾಯಿತೆಂದು ಕಂಡರೆ ಎದ್ದು ಕೈ ತೊಳೆಯುತ್ತಾರೆ, ಅದು ಖಾತ್ರಿ.

“ಬರೂದಿಲ್ರಿ ಆಯಿ,” ಎಂದೆ.

“ಅನಕೊಂಡೆ. ಬಾ, ಕೂಡು ಇಲ್ಲಿ.”

ಕೂತೆ. ಹಿಟ್ಟು ಮುಂದಿಟ್ಟಳು. ಬೇಕೆಂದೇ ಕೆಡಿಸಲು ನನ್ನ ಕೈ ಒಪ್ಪಲಿಲ್ಲ. ಜನ್ಮದಲ್ಲೇ ಬಡಿಯದಷ್ಟು ಚಂದದ ರೊಟ್ಟಿ ಬಡಿದೆ, ಹಂಚಿನ ಮೇಲೆ ಉಬ್ಬಿಸಿ ತೆಗೆದೆ. ಆಯಿ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಅಂಚು ನೋಡಿದಳು.

“ದಂಡಿ ದಪ್ಪ ಅದ.”

ವೈನಿಗೆ ಅಗಸಿ ಹಿಂಡಿ ನೆತ್ತಿಗೇರಿತು. ಕೆಮ್ಮಿದರು, ನೀರು ಕುಡಿದರು, ಮತ್ತೆ ಕೆಮ್ಮಿದರು. ಆಮೇಲೆ ನೋಡಿದರೆ ಅದು ಕೆಮ್ಮಲ್ಲ, ನಗು. ಕಣ್ಣಲ್ಲಿ ನೀರು ಸುರಿಸುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಹಾಗೆಯೇ ತಾಟನ್ನು ಮುಂದೆ ಚಾಚಿದರು.

“ಹಾಕ್ರಿ ಆಯಿ. ನಡೀತದ, ನನಗ ರೂಢಿ ಅದ.”

ಒಂದು ಚೂರೂ ಬಿಡದೆ ತಿಂದರು. ನಾನು ಒಲೆಯ ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡೆ. ಆಯಿ ಅದನ್ನು ಬೇರೆಯೇ ಅರ್ಥ ಮಾಡಿಕೊಂಡು, ಹಿಟ್ಟಿನ ಕೈಯಿಂದ ನನ್ನ ಬೆನ್ನು ತಟ್ಟಿದಳು.

“ಅಳಬ್ಯಾಡ ಅವ್ವಾ. ದಿನಾ ಎರಡೆರಡು ಬಡೀಕೋತ ಇರು. ಇನ್ನೂ ವಯಸ್ಸದ, ಬರ್ತದ.”