ಟಿಬೋರನಿಗೊಬ್ಬ ಸ್ನೇಹಿತ ಬೇಕು

"ವೆಲ್‌ಕಮ್ ಟು ಬಿಕರ್ನಕಟ್ಟೆ!" ಎಂದು ಎರಡೂ ಕೈ ಚಾಚಿ ನಾನು ಮುಂದೆ ನಡೆದೆ; ಗೇಟಿನ ಕೊಂಡಿಗೆ ಸಿಕ್ಕಿದ ಲುಂಗಿ ಅಲ್ಲೇ ನಿಂತಿತು! ದೇಶದ ಮಾನ ಕಾಪಾಡಿದ್ದು ಒಂದು ಪಟ್ಟೆ ಪಟ್ಟೆ ಚಡ್ಡಿ.

"ಇಲ್ಲಿ ಹೀಗೆಯೇ ಸ್ವಾಗತಿಸುವುದಾ?" ಎಂದು ನಮ್ಮ ಹೊಸ ಬಾಡಿಗೆದಾರ ಟಿಬೋರ್ ಗಂಭೀರವಾಗಿ ಕೇಳಿದ. ಹಂಗೇರಿಯವನು, ಕನ್ನಡ ಕಲಿತೇ ಬಂದಿದ್ದ. ಮೀನಿನ ಸಂಶೋಧಕ, ಮುಖವೂ ಮೀನಿನಂತೆಯೇ, ಏನೂ ಗೊತ್ತಾಗುವುದಿಲ್ಲ.

ತಿಂಗಳು ಕಳೆದರೂ ಅವನ ಮಹಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. "ಇಲ್ಲಿ ನನಗೆ ಸ್ನೇಹಿತರೇ ಇಲ್ಲ ಆಂಟಿ. ಕ್ರಿಸ್ಮಸ್‌ಗೆ ಊರಿಗೆ ಹೋದರೆ ವಾಪಸ್ ಬರುವುದಿಲ್ಲ" ಎಂದನಂತೆ. ನನ್ನ ಹೆಂಡತಿ ರೊಸಾಲಿನ್ ಸೆರಗಿನಲ್ಲಿ ಕಣ್ಣೊರೆಸಿದಳು.

"ಅಳಬೇಡ! ಕ್ರಿಸ್ಮಸ್ ಒಳಗೆ ಅವನಿಗೆ ಸ್ನೇಹಿತರ ಸೈನ್ಯವನ್ನೇ ಕಟ್ಟಿಕೊಡ್ತೇನೆ. ಈ ನಿನ್ನ ಗಂಡ ಚಾರ್ಲ್ಸ್ ಅಂದ್ರೆ ಯಾರೆಂದು ತಿಳಿದಿದ್ದೀ?"

"ಊಟ ತಣ್ಣಗೆ ಮಾಡುವವರು."

ಅಸೂಯೆ! ನಮ್ಮ ಕ್ರೈಸ್ತರಲ್ಲಿ ಮದುವೆಯಿರಲಿ, ಬೆಳ್ಳಿಹಬ್ಬವಿರಲಿ, ಒಬ್ಬರು ವೈನ್ ಗ್ಲಾಸ್ ಎತ್ತಿ ಶುಭ ಹಾರೈಸುವ ಭಾಷಣ, ಅಂದರೆ ಟೋಸ್ಟ್, ಹೇಳದೆ ಊಟವಿಲ್ಲ. ಆ ಒಬ್ಬರು ಯಾವಾಗಲೂ ನಾನೇ. ವಧುವಿನ ಮುತ್ತಜ್ಜನಿಂದ ಹೊರಟರೆ ವಧುವನ್ನು ತಲುಪುವಾಗ ಗ್ಲಾಸಿನಲ್ಲಿ ನೊಣ ಬಿದ್ದಿರುತ್ತದೆ.

ಸರಿ, ಪ್ರತಿ ಸಮಾರಂಭಕ್ಕೂ ಟಿಬೋರನನ್ನು ಕರೆದೊಯ್ದೆ. ಮುಂದಿನ ಸಾಲಿನಲ್ಲಿ ಕೂರಿಸಿ, ಟೋಸ್ಟಿನಲ್ಲೇ ಅವನನ್ನು ಪರಿಚಯಿಸಿದೆ: ಹಂಗೇರಿಯ ಚರಿತ್ರೆ, ನದಿ, ಹವಾಮಾನ ಸಮೇತ! ಆದರೆ ಗ್ಲಾಸ್ ಇಳಿಸಿ ನೋಡಿದರೆ ಅವನ ಕುರ್ಚಿ ಖಾಲಿ. ಕಂಕನಾಡಿಯಲ್ಲೂ ಖಾಲಿ, ಉಳ್ಳಾಲದಲ್ಲೂ ಖಾಲಿ! ಉಳಿದವರ ಕುರ್ಚಿ ಹೇಗಿತ್ತೋ, ಸ್ಟೇಜಿನ ಲೈಟಿಗೆ ನನಗೆ ಕಾಣುವುದಿಲ್ಲ.

"ಪಾಪ, ನಾಚಿಕೆಯ ಹುಡುಗ" ಎಂದೆ.

"ನಾಚಿಕೆ ಅವನಿಗೆ ಮಾತ್ರ ಇರುವುದು" ಎಂದಳು ರೊಸಾಲಿನ್.

ಕೊನೆಗೆ ಬ್ರಹ್ಮಾಸ್ತ್ರ! ಡಿಸೆಂಬರಿನ ಒಂದು ಭಾನುವಾರ ಮನೆಯಲ್ಲೇ ಔತಣ. ನೆರೆಯ ಡಾಲಿಬಾಯಿ, ಅಂಗಡಿಯ ಅಹ್ಮದ್ ಬಾವ, ಯಾರನ್ನು ಕರೆದರೂ ಒಂದೇ ಉತ್ತರ: "ಆ ದಿನ ಬೇರೆ ಕಾರ್ಯಕ್ರಮ ಉಂಟು ಚಾರ್ಲ್ಸ್." ಮರ್ಯಾದೆಗೆಂದು ಟಿಬೋರನಿಗೆ ಮೊದಲೇ, "ನೀನೂ ಯಾರನ್ನಾದರೂ ಕರಿ ಮಾರಾಯ" ಎಂದಿದ್ದೆ. ಯಾರೂ ಇಲ್ಲದವನು ಯಾರನ್ನು ಕರೆದಾನು! ರೊಸಾಲಿನ್ ಒಂದು ಕೋಳಿ, ಇಡ್ಲಿಯಂಥ ಸಾನ್ನಾ ಒಂದು ತಟ್ಟೆ ಮಾಡಿಟ್ಟಳು.

ಭಾನುವಾರ ಮಧ್ಯಾಹ್ನ ಗೇಟು ಕಿರ್ರೆಂದಿತು. ಕಿರ್ರೆನ್ನುತ್ತಲೇ ಇತ್ತು! ಡಾಲಿಬಾಯಿ ಸಂಸಾರ ಸಮೇತ, ಅಹ್ಮದ್ ಬಾವ ಬಳಗ ಸಮೇತ, ರಿಕ್ಷಾ ಸ್ಟ್ಯಾಂಡಿನ ನೋಣಯ್ಯ ಸ್ಟ್ಯಾಂಡ್ ಸಮೇತ! "ಟಿಬೋರ್ ಮಾರಾಯಾ!" ಎಂದು ಅವನನ್ನು ತಬ್ಬಿದ್ದೇ ತಬ್ಬಿದ್ದು. ಸಾನ್ನಾ ತಟ್ಟೆ ಅಡುಗೆಮನೆಯಿಂದ ಹಾಲ್ ತಲುಪುವ ಮೊದಲೇ ಬರಿದಾಯಿತು.

"ಬಾವ, ನಿಮಗೆ ಬೇರೆ ಕಾರ್ಯಕ್ರಮ ಇತ್ತಲ್ಲ?"

"ಇದೇ ಅಲ್ವಾ! ಟಿಬೋರ್ ಕರೆದದ್ದು" ಎಂದ ಅಹ್ಮದ್ ಬಾವ ನನ್ನನ್ನು ಕನಿಕರದಿಂದ ನೋಡಿದರು. "ಓ, ನಿಮ್ಮನ್ನೂ ಕರೆದಿದ್ದಾನಾ?"

ನನ್ನ ಮನೆಯಲ್ಲಿ! ನನ್ನನ್ನು!

"ಬಾಯಿ ಮುಚ್ಚಿ, ಹೋಟೆಲಿಗೆ ಫೋನ್ ಮಾಡಿ!" ಎಂದು ರೊಸಾಲಿನ್ ಅಡುಗೆಮನೆಯಿಂದ ಕೂಗಿದಳು. "ಬಿರಿಯಾನಿ ಎಷ್ಟಿದ್ದರೂ ಕಳಿಸಲಿ!"

ಫೋನಿಟ್ಟು ಟಿಬೋರನನ್ನು ಮೂಲೆಗೆಳೆದೆ. "ಹಾಗಾದರೆ ನೀನು ಊರಿಗೆ?"

"ಹೋಗುವುದಿಲ್ಲ. ಕ್ರಿಸ್ಮಸ್‌ಗೆ ಡಾಲಿ ಆಂಟಿಯಲ್ಲಿ ಊಟ ಉಂಟು."

"ಅದು ಸರಿ ಮಾರಾಯ, ಇವರೆಲ್ಲ ನಿನಗೆ ಸಿಕ್ಕಿದ್ದು ಎಲ್ಲಿ?"

ಮುಖದ ಒಂದು ಗೆರೆಯೂ ಅಲುಗದೆ ಟಿಬೋರ್ ಹೇಳಿದ:

"ಪಾರ್ಕಿಂಗಿನಲ್ಲಿ ಅಂಕಲ್. ನೀವು ಟೋಸ್ಟ್ ಶುರು ಮಾಡಿದ ಕೂಡಲೇ ಎಲ್ಲರೂ ಅಲ್ಲಿಗೆ ಬರ್ತಾರೆ."